ಮೊದಲೇ ಆದ ಒಪ್ಪಂದ, ಆಮೇಲೆ ಬರುವ ಕಾರ್ಯಾದೇಶ

ಮೈಸೂರಿನ ಈಶಾನ್ಯ ದಿಕ್ಕಿನಲ್ಲಿ ಉದಯಗಿರಿಗೆ ಹೊಂದಿಕೊಂಡು ಬೆಳೆದಿರುವ ರಾಜೀವನಗರದಂಥ ಬಡಾವಣೆಯಲ್ಲಿ ಮಳೆನೀರಿನ ಚರಂಡಿಯೊಂದನ್ನು ಹೊಸದಾಗಿ ಕಟ್ಟಿಸಬೇಕಾದಾಗ ಜನರ ಕಣ್ಣಿಗೆ ಬೀಳುವುದು ಜೆಸಿಬಿ ಯಂತ್ರ, ಜಲ್ಲಿಯ ರಾಶಿ ಮತ್ತು ಗುತ್ತಿಗೆದಾರನ ಮೇಸ್ತ್ರಿ. ಆದರೆ ಹಾರೆ ನೆಲ ಮುಟ್ಟುವ ಮೊದಲೂ ಸಿಮೆಂಟು ಒಣಗಿದ ಮೇಲೂ ನಡೆಯುವ ಇನ್ನೊಂದು ಬಗೆಯ ಕೆಲಸವಿದೆ. ನೀರು ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನು ಲೆವೆಲ್ ಹಿಡಿದು ಅಳೆಯುವುದು, ಚರಂಡಿಯ ಅಗಲ ಆಳಗಳನ್ನು ಲೆಕ್ಕಹಾಕಿ ನಕ್ಷೆ ಬರೆಯುವುದು, ಗುತ್ತಿಗೆ ವಲಯದಲ್ಲಿ ಎಲ್ಲರೂ ಎಸ್‌ಆರ್ ಎಂದು ಕರೆಯುವ ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ಮುಂದಿಟ್ಟುಕೊಂಡು ಅಂದಾಜುಪಟ್ಟಿ ತಯಾರಿಸುವುದು, ಕೆಲಸ ದೊಡ್ಡದಾದರೆ ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್ ಬರೆಯುವುದು, ಎಲ್ಲ ಮುಗಿದ ಮೇಲೆ ಕಟ್ಟಿಸಿದವರೂ ಕಟ್ಟಿದವರೂ ಅಲ್ಲದ ಮೂರನೆಯವರು ಬಂದು ಗುಣಮಟ್ಟ ಪರೀಕ್ಷಿಸುವುದು, ಇವೆಲ್ಲ ಓದು ಮತ್ತು ಅನುಭವದ ಬಲದಿಂದ ಮಾಡುವ ಕೆಲಸಗಳಾದ್ದರಿಂದ ಸರ್ಕಾರಿ ಕಡತಗಳಲ್ಲಿ ಇವಕ್ಕೆ ವೃತ್ತಿಪರ ಸೇವೆ ಅಥವಾ ಸಮಾಲೋಚನಾ ಸೇವೆ ಎಂಬ ಹೆಸರಿದೆ. ಪಾಲಿಕೆಯ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವ ವಕೀಲರು, ಲೆಕ್ಕಪತ್ರ ಸಿದ್ಧಪಡಿಸುವ ಚಾರ್ಟರ್ಡ್ ಅಕೌಂಟೆಂಟರು, ತೆರಿಗೆಯ ತಂತ್ರಾಂಶ ನೋಡಿಕೊಳ್ಳುವ ಸಾಫ್ಟ್‌ವೇರ್ ಎಂಜಿನಿಯರುಗಳು ಮಾಡುವುದೂ ಇದೇ ಜಾತಿಯ ಕೆಲಸ.

ಮೈಸೂರಿನಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ 1903ರಲ್ಲಿ ಹುಟ್ಟಿದ ಕಾಲದಲ್ಲಿ ಇಂಥ ಕೆಲಸ ಬಹುಮಟ್ಟಿಗೆ ಸಂಬಳದ ಎಂಜಿನಿಯರುಗಳ ಮೇಜಿನ ಮೇಲೆಯೇ ಆಗುತ್ತಿತ್ತು. 65 ವಾರ್ಡು ಮತ್ತು 9 ವಲಯ ಕಚೇರಿಗಳ ಇಂದಿನ ಮಹಾನಗರ ಪಾಲಿಕೆಯಲ್ಲಿ ಎಂಜಿನಿಯರ್ ಎಂಬಾತನ ದಿನ ಅಳತೆ ಪುಸ್ತಕ, ಬಿಲ್ಲು, ದೂರು ಮತ್ತು ಸಭೆಗಳಲ್ಲಿಯೇ ಕಳೆದುಹೋಗುವುದರಿಂದ ನಕ್ಷೆ, ವರದಿ ಮತ್ತು ತಪಾಸಣೆಗಳು ಹೊರಗಿನವರ ಪಾಲಾಗುತ್ತವೆ. 1993ರಲ್ಲಿ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಸ್ಥಾಪನೆಯಾದದ್ದು, ಆ ದಶಕದ ಉತ್ತರಾರ್ಧದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಮೈಸೂರು, ತುಮಕೂರು, ರಾಮನಗರ, ಚನ್ನಪಟ್ಟಣ ಮೊದಲಾದ ಊರುಗಳಲ್ಲಿ ಮೂಲಸೌಕರ್ಯ ಯೋಜನೆ ನಡೆದದ್ದು, 2005ರ ಕೊನೆಯಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಗೆ ರಾಜ್ಯದಿಂದ ಬೆಂಗಳೂರಿನ ಜೊತೆಗೆ ಮೈಸೂರು ಆಯ್ಕೆಯಾದದ್ದು, ಇವು ಸಮಾಲೋಚಕರನ್ನು ನೇಮಿಸಿಕೊಳ್ಳುವ ರೂಢಿಯನ್ನು ಗಟ್ಟಿಮಾಡಿದವು. ಏಕೆಂದರೆ ಸಾಲ ಕೊಡುವವರಿಗೂ ದೆಹಲಿಯವರಿಗೂ ಬೇಕಾದ ನಮೂನೆಯಲ್ಲಿ ವರದಿ ಬರೆಯುವವರು ಪಾಲಿಕೆಯ ಒಳಗೆ ಸಾಕಷ್ಟಿರಲಿಲ್ಲ.

ಹೊರಗಿನವರನ್ನು ಕರೆಯುವುದೆಂದರೆ ಟೆಂಡರ್ ಕರೆಯುವುದು. ಕರ್ನಾಟಕದಲ್ಲಿ ಇದಕ್ಕೆ ಆಧಾರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. ಕಚೇರಿಗಳಲ್ಲಿ ಇದರ ಹೆಸರು ಕೆಟಿಪಿಪಿ ಕಾಯ್ದೆ. ಇದರಡಿ 2000ದಲ್ಲಿ ಬಂದ ಮೂಲ ನಿಯಮಗಳ ಪ್ರಕಾರ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಅರ್ಜಿ ಸಲ್ಲಿಸಲು ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕೊಡಬೇಕಾಗಿತ್ತು. ಅರ್ಜಿ ತೆರೆಯುವುದು, ತಾಂತ್ರಿಕ ಪರಿಶೀಲನೆ, ಮಂಜೂರಾತಿ, ಕರಾರು ಎಂದು ಇನ್ನಷ್ಟು ವಾರಗಳು ಸೇರಿದರೆ, ಮೇ ತಿಂಗಳಲ್ಲಿ ಬೇಕೆನಿಸಿದ ಚರಂಡಿ ಸರ್ವೆಗೆ ಆಳು ಸಿಗುವಷ್ಟರಲ್ಲಿ ಮುಂಗಾರು ಮುಗಿದಿರುತ್ತದೆ. ಸಣ್ಣ ಮೊತ್ತದ ಕೆಲಸಗಳಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿರುವುದು ನಿಜವಾದರೂ, ಆ ವಿನಾಯಿತಿಯೊಳಗೆ ತೂರಿಸಲೆಂದು ಒಂದು ಕೆಲಸವನ್ನು ಐದಾರು ಮಾಡಿ ಹಂಚುವ ತುಂಡು ಗುತ್ತಿಗೆಯ ಕಥೆ ರಾಜ್ಯದ ಯಾವ ಪಟ್ಟಣದವರಿಗೂ ಹೊಸದಲ್ಲ.

ಈ ಇಕ್ಕಟ್ಟಿಗೆ ಕಂಡುಕೊಂಡ ದಾರಿಯೇ ಮುಂಗಡ ಒಪ್ಪಂದ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಟೆಂಡರ್ ಕರೆದು, ಅರ್ಹರನ್ನು ಆರಿಸಿ, ಕೆಲಸದ ಬಗೆ, ದರ ಮತ್ತು ಷರತ್ತುಗಳನ್ನು ಗೊತ್ತುಮಾಡಿಕೊಂಡು, ಎಷ್ಟು ಕೆಲಸ ಎಂಬುದನ್ನು ಮಾತ್ರ ತೆರೆದಿಡುತ್ತಾರೆ. ಬೇಕಾದಾಗ ಹೊಸ ಟೆಂಡರಿಲ್ಲದೆ ಒಂದು ಹಾಳೆಯ ಕಾರ್ಯಾದೇಶ, ಅಂದರೆ ವರ್ಕ್ ಆರ್ಡರ್, ಹೊರಡುತ್ತದೆ. ಮೈಸೂರಿನ ಮನೆಗಳಲ್ಲಿ ಹಾಲಿಗೂ ಹೂವಿಗೂ ವರ್ತನೆ ಹಾಕಿಸಿಕೊಳ್ಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ದರ ಒಮ್ಮೆ ಮಾತಾಡಿ ಆಗಿರುತ್ತದೆ, ಹಬ್ಬದ ದಿನ ಎರಡು ಮೊಳ ಹೆಚ್ಚು ಬೇಕೆಂದರೆ ಮತ್ತೆ ಚೌಕಾಸಿ ಇಲ್ಲ. ವ್ಯತ್ಯಾಸ ಇಷ್ಟೇ: ಮನೆಯಲ್ಲಿ ವರ್ತನೆಯವಳು ಒಬ್ಬಳು, ಸರ್ಕಾರದಲ್ಲಿ ಹತ್ತು ಮಂದಿ. ಯಾರ ಬಾಗಿಲಿಗೆ ಆದೇಶ ಹೋಗಬೇಕು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಒಬ್ಬನೇ ಸರಬರಾಜುದಾರನೊಂದಿಗೆ ಅಥವಾ ಕೆಲವರೊಂದಿಗೆ ವಸ್ತುವಿನ ಬೆಲೆ ನಿಗದಿಮಾಡಿಕೊಳ್ಳುವುದಕ್ಕೆ ದರ ಒಪ್ಪಂದ ಅಥವಾ ರೇಟ್ ಕಾಂಟ್ರಾಕ್ಟ್ ಎನ್ನುತ್ತಾರೆ. ಕೇಂದ್ರ ಸರ್ಕಾರದಲ್ಲಿ ಸರಬರಾಜು ಮತ್ತು ವಿಲೇವಾರಿ ಮಹಾನಿರ್ದೇಶನಾಲಯ ಇದನ್ನೇ ದಶಕಗಳ ಕಾಲ ನಡೆಸಿ 2017ರ ಅಕ್ಟೋಬರ್ 31ಕ್ಕೆ ಬಾಗಿಲು ಹಾಕಿತು. ಅದರ ಜಾಗಕ್ಕೆ 2016ರ ಆಗಸ್ಟಿನಲ್ಲಿ ಶುರುವಾದ ಜೆಮ್ ಎಂಬ ಸರ್ಕಾರಿ ಆನ್‌ಲೈನ್ ಮಾರುಕಟ್ಟೆ ಬಂದಿದೆ. ಕುರ್ಚಿ, ಕಾಗದ, ಬ್ಯಾಟರಿಗಳಿಗೆ ಈ ಪದ್ಧತಿ ಸಲೀಸು, ಏಕೆಂದರೆ ಒಂದು ರೀಮು ಕಾಗದಕ್ಕೂ ಇನ್ನೊಂದಕ್ಕೂ ಹೆಚ್ಚು ಭೇದವಿಲ್ಲ. ವೃತ್ತಿಪರರ ವಿಷಯಕ್ಕೆ ಬಂದಾಗ ದರದ ಜೊತೆಗೆ ಮನುಷ್ಯರನ್ನೂ ತೂಗಬೇಕಾಗುವುದರಿಂದ ಅಲ್ಲಿ ಬಳಕೆಗೆ ಬಂದದ್ದು ಪ್ಯಾನೆಲ್, ಅಂದರೆ ಮೊದಲೇ ಪರಿಶೀಲಿಸಿ ಒಪ್ಪಿದ ಸಂಸ್ಥೆಗಳ ಪಟ್ಟಿ. ಆ ಪಟ್ಟಿಗೆ ಸೇರಿಸುವ ಕ್ರಿಯೆಗೆ ಎಂಪ್ಯಾನೆಲ್‌ಮೆಂಟ್ ಎಂಬ ಮಾತು ಕನ್ನಡದ ಕಡತಗಳಲ್ಲಿಯೂ ಹಾಗೆಯೇ ಉಳಿದಿದೆ. 1995ರಲ್ಲಿ ಸ್ಥಾಪನೆಯಾದ ಕೇಂದ್ರದ ನಿಕ್ಸಿ ಸಂಸ್ಥೆ ಮಾಹಿತಿ ತಂತ್ರಜ್ಞಾನದ ಕಂಪನಿಗಳನ್ನು ಹೀಗೆ ಪಟ್ಟಿಮಾಡಿಕೊಂಡು ಇಲಾಖೆಗಳಿಗೆ ಒದಗಿಸುತ್ತದೆ. ರಾಜ್ಯದಲ್ಲಿ 1976ರ ಕಿಯೋನಿಕ್ಸ್ ಕೂಡ ತನ್ನ ಪಟ್ಟಿಯ ವೆಂಡರುಗಳ ಮೂಲಕ ಇಂಥದೇ ಕೆಲಸ ಮಾಡುತ್ತದೆ.

ಪಟ್ಟಿಗೆ ಸೇರಿಸುವ ಹಂತದಲ್ಲಿ ನಡೆಯುವ ತೂಕವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಅರ್ಜಿದಾರರಿಂದ ಎರಡು ಲಕೋಟೆ ಪಡೆದು ಮೊದಲು ತಾಂತ್ರಿಕ ಲಕೋಟೆಯನ್ನು, ಆಮೇಲೆ ಅದರಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ತೆರೆಯುವ ಪದ್ಧತಿಗೆ ಕೆಟಿಪಿಪಿ ನಿಯಮಗಳ 28ನೆಯ ನಿಯಮದಲ್ಲಿ ಅವಕಾಶವಿದೆ. ಈಗ ಲಕೋಟೆಗಳೆಲ್ಲ ಆನ್‌ಲೈನಿನಲ್ಲಿಯೇ ಇವೆ. ಸಮಾಲೋಚಕರ ವಿಷಯದಲ್ಲಿ ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ಕೊಟ್ಟು ಕೂಡಿಸುವ ಕ್ರಮವೂ ಇದೆ. ಊಹೆಯ ಒಂದು ಲೆಕ್ಕ ಹೀಗಿರಬಹುದು. ಮೊದಲನೆಯ ಸಂಸ್ಥೆಗೆ ತಾಂತ್ರಿಕ ಅಂಕ 90, ಅದು ಕೇಳುವ ಹಣ 12 ಲಕ್ಷ. ಎರಡನೆಯದಕ್ಕೆ ಅಂಕ 75, ಕೇಳುವುದು 9 ಲಕ್ಷ. ಕನಿಷ್ಠ ದರ ಹೇಳಿದವರಿಗೆ ದರದ ಅಂಕ ಪೂರ್ತಿ 100. ಮೊದಲನೆಯವರಿಗೆ 9ನ್ನು 12ರಿಂದ ಭಾಗಿಸಿ 75. ಗುಣಮಟ್ಟಕ್ಕೆ ನೂರಕ್ಕೆ 70, ದರಕ್ಕೆ 30ರ ತೂಕ ಕೊಟ್ಟರೆ ಮೊದಲನೆಯವರಿಗೆ 85.5, ಎರಡನೆಯವರಿಗೆ 82.5 ಬಂದು ದುಬಾರಿಯವರೇ ಗೆಲ್ಲುತ್ತಾರೆ. ತೂಕವನ್ನು ಸಮಸಮ ಮಾಡಿದರೆ 82.5ಕ್ಕೆ 87.5, ಅಗ್ಗದವರು ಗೆಲ್ಲುತ್ತಾರೆ. ಅರ್ಜಿದಾರರು ಒಂದಕ್ಷರವನ್ನೂ ಬದಲಿಸದೆ ಫಲಿತಾಂಶ ತಲೆಕೆಳಗಾಗುವುದರಿಂದ, ಟೆಂಡರ್ ಪ್ರಕಟವಾಗುವ ಮೊದಲೇ ಈ ತೂಕ ಗೊತ್ತಾಗಿರಬೇಕು, ಪ್ರಕಟಣೆಯಲ್ಲಿ ಅಚ್ಚಾಗಿರಬೇಕು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017 ಸಮಾಲೋಚನಾ ಸೇವೆಯಲ್ಲಿ ದರೇತರ ಅಂಶಗಳ ತೂಕ 80 ಮೀರಬಾರದೆಂದು ಗೆರೆ ಎಳೆದಿವೆ.

ಇಷ್ಟರಮಟ್ಟಿಗೆ ಬಾಗಿಲಿನ ಕಾವಲು ಬಿಗಿಯಾಗಿಯೇ ಇದೆ ಎನ್ನಬೇಕು. ಕೆಟಿಪಿಪಿ ಕಾಯ್ದೆಯ 13ನೆಯ ಕಲಮಿನಂತೆ ಟೆಂಡರ್ ಅಂಗೀಕರಿಸುವ ಪ್ರಾಧಿಕಾರ ನಿಯಮಗಳಲ್ಲಿ ಹೇಳಿದ ಕ್ರಮ ಅನುಸರಿಸಿ ಆದೇಶ ಹೊರಡಿಸಬೇಕು. 16ನೆಯ ಕಲಮಿನಂತೆ ಆ ಆದೇಶದಿಂದ ನೊಂದ ಅರ್ಜಿದಾರ 30 ದಿನದೊಳಗೆ ಮೇಲ್ಮನವಿ ಹೋಗಬಹುದು. ತೊಡಕಿರುವುದು ಬಾಗಿಲು ದಾಟಿದ ಮೇಲೆ. ಪಟ್ಟಿಯಲ್ಲಿ ಹತ್ತು ಸಂಸ್ಥೆಗಳಿವೆ, ಎಲ್ಲರೂ ಕನಿಷ್ಠ ದರಕ್ಕೇ ಒಪ್ಪಿ ಒಳಗೆ ಬಂದಿದ್ದಾರೆ ಎಂದಾದರೆ, ರಾಜೀವನಗರದ ಚರಂಡಿ ಸರ್ವೆಯನ್ನು ಆ ಹತ್ತರಲ್ಲಿ ಯಾರಿಗೆ ಕೊಡಬೇಕೆಂದು ದರ ಹೇಳಲಾರದು. ಆಗ ಉಳಿಯುವುದು ಸರದಿ, ಚೀಟಿ, ಅವರೊಳಗೇ ಇನ್ನೊಂದು ಸಣ್ಣ ಸ್ಪರ್ಧೆ ಅಥವಾ ಅಧಿಕಾರಿಯ ಇಷ್ಟ. ಮೊದಲ ಮೂರಕ್ಕೆ ಮೂಲ ಒಪ್ಪಂದದಲ್ಲಿಯೇ ನಿಯಮ ಬರೆದಿರದಿದ್ದರೆ ನಾಲ್ಕನೆಯದು ತಾನಾಗಿ ಬಂದು ಕೂರುತ್ತದೆ. ಮೇಲ್ಮನವಿಯ ಕಲಮು ಮಾತಾಡುವುದು ಟೆಂಡರ್ ಅಂಗೀಕಾರದ ಆದೇಶದ ಬಗ್ಗೆ. ಪಟ್ಟಿಯೊಳಗಿನ ಒಬ್ಬರಿಗೆ ಹತ್ತು ಕಾರ್ಯಾದೇಶ, ಇನ್ನೊಬ್ಬರಿಗೆ ಸೊನ್ನೆ ಎಂಬ ದೂರಿಗೆ ಆ ಕಲಮಿನ ಮಾತುಗಳಲ್ಲಿ ನೇರವಾದ ಜಾಗವಿಲ್ಲ. ಮುಂಗಡ ಒಪ್ಪಂದದ ನಿಜವಾದ ಆಯ್ಕೆ ನಡೆಯುವುದು ಈ ಎರಡನೆಯ ಮೆಟ್ಟಿಲಿನಲ್ಲಿಯೇ ಆದರೂ, ಪತ್ರಿಕೆಗಳ ಗಮನವೆಲ್ಲ ಟೆಂಡರಿನ ಮೇಲೆ ಇರುತ್ತದೆ.

ಈ ಮೆಟ್ಟಿಲನ್ನು ಬೇರೆ ದೇಶಗಳು ಕಾಯ್ದೆಯಲ್ಲಿಯೇ ಹೆಸರಿಸಿವೆ. 1949ರಲ್ಲಿ ಸ್ಥಾಪಿತವಾದ ಅಮೆರಿಕದ ಸಾಮಾನ್ಯ ಸೇವಾ ಆಡಳಿತ ಸಂಸ್ಥೆ ಸಾವಿರಾರು ಕಂಪನಿಗಳೊಂದಿಗೆ ಮುಂಗಡ ಒಪ್ಪಂದ ಇಟ್ಟುಕೊಂಡು ಇಡೀ ಒಕ್ಕೂಟ ಸರ್ಕಾರಕ್ಕೆ ಒದಗಿಸುತ್ತದೆ. ಹಲವರಿಗೆ ಒಟ್ಟಾಗಿ ಕೊಟ್ಟ ಇಂಥ ಗುತ್ತಿಗೆಯಲ್ಲಿ ಒಂದೊಂದು ಕಾರ್ಯಾದೇಶಕ್ಕೂ ಪಟ್ಟಿಯ ಎಲ್ಲರಿಗೂ ನ್ಯಾಯವಾದ ಅವಕಾಶ ಸಿಗಬೇಕೆಂದು ಅಲ್ಲಿನ 1994ರ ಕಾನೂನು ಹೇಳಿತು. ಸಣ್ಣ ಆದೇಶಗಳ ಮೇಲೆ ತಕರಾರು ಹೂಡಲು ಅವಕಾಶವಿಲ್ಲದಿದ್ದರೂ ದೊಡ್ಡವುಗಳ ಮೇಲೆ ಇದೆ. ಯುರೋಪಿನ ಒಕ್ಕೂಟದ 2014ರ ನಿರ್ದೇಶನ ಇಂಥ ಒಪ್ಪಂದಗಳ ಆಯುಸ್ಸನ್ನು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಕಟ್ಟಿಹಾಕಿತು. ಏಕೆಂದರೆ ಪಟ್ಟಿ ಮುಚ್ಚಿದ ಮೇಲೆ ಹುಟ್ಟಿದ ಹೊಸ ಸಂಸ್ಥೆಗೆ, ಅದೆಷ್ಟೇ ಜಾಣ ಎಂಜಿನಿಯರುಗಳದ್ದಾಗಿರಲಿ, ಪಟ್ಟಿ ಮತ್ತೆ ತೆರೆಯುವವರೆಗೆ ಸರ್ಕಾರಿ ಕೆಲಸ ಸಿಗುವುದಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 2011ರಲ್ಲಿ ಸಿದ್ಧಪಡಿಸಿದ ಮಾದರಿ ಕಾನೂನು ಮುಂಗಡ ಒಪ್ಪಂದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಎರಡನೆಯ ಸ್ಪರ್ಧೆ ಇಲ್ಲದ ಮುಚ್ಚಿದ ಪಟ್ಟಿ, ಎರಡನೆಯ ಸ್ಪರ್ಧೆ ಇರುವ ಮುಚ್ಚಿದ ಪಟ್ಟಿ, ಯಾವಾಗ ಬೇಕಾದರೂ ಸೇರಬಹುದಾದ ತೆರೆದ ಪಟ್ಟಿ ಎಂದು ಮೂರು ಬಗೆ ಮಾಡಿದೆ.

ಹೊರದೇಶದವರೆಗೆ ಹೋಗಬೇಕಾದ ಅಗತ್ಯವೂ ಅಷ್ಟಿಲ್ಲ. ಆದೇಶ ಹಂಚುವ ಕೆಲಸದಿಂದ ಅಧಿಕಾರಿಯ ಇಷ್ಟವನ್ನು ಹೊರಗಿಟ್ಟ ಏರ್ಪಾಡು ಕರ್ನಾಟಕದಲ್ಲಿಯೇ ಇದೆ. ಮೈಸೂರಿನ ಹೊರಅಂಚಿನಲ್ಲಿ ಜಮೀನಿನ ಒಂದು ಭಾಗವನ್ನು ಮಾರಲು ಹೊರಟವರಿಗೆ 11ಇ ನಕ್ಷೆ ಎಂಬುದು ಬೇಕೇಬೇಕು. ಸರ್ವೆ ನಂಬರಿನಲ್ಲಿ ಮಾರುವ ಭಾಗ ಯಾವುದೆಂದು ಗುರುತಿಸುವ ಆ ನಕ್ಷೆಯಿಲ್ಲದೆ ನೋಂದಣಿ ಆಗದು. ಭೂಮಾಪನ ಇಲಾಖೆಯ ನೌಕರರಿಂದ ಮಾತ್ರ ಇಷ್ಟೊಂದು ಅಳತೆ ಸಾಗದೆ ಹೋದಾಗ ಸರ್ಕಾರ ಪರೀಕ್ಷೆ ಮತ್ತು ತರಬೇತಿಯ ನಂತರ ಖಾಸಗಿ ಭೂಮಾಪಕರಿಗೆ ಪರವಾನಗಿ ಕೊಟ್ಟಿತು. ಲೈಸೆನ್ಸ್ ಸರ್ವೆಯರ್ ಎಂದೇ ಜನ ಕರೆಯುವ ಇವರು ಮೊದಲೇ ಒಪ್ಪಿದ ಪಟ್ಟಿಯವರು, ಶುಲ್ಕವನ್ನು ಸರ್ಕಾರವೇ ನಿಗದಿಮಾಡಿದೆ, ಅರ್ಜಿಗಳು ಮೋಜಿಣಿ ಎಂಬ ತಂತ್ರಾಂಶದಲ್ಲಿ ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲಿ ಸಾಗುತ್ತವೆ. ತಡ, ಲಂಚ, ತಪ್ಪು ಅಳತೆಗಳ ದೂರು ಇಲ್ಲಿಯೂ ಬೇಕಾದಷ್ಟಿದೆಯೆಂಬುದು ಬೇರೆ ಮಾತು. ಆದರೆ ಸರದಿ ಯಾರದ್ದು ಎಂಬುದಕ್ಕೆ ಉತ್ತರ ಯಂತ್ರದಲ್ಲಿ ದಾಖಲಾಗಿರುತ್ತದೆ. ಸರ್ಕಾರಿ ಕಂಪನಿಗಳ ಲೆಕ್ಕ ತಪಾಸಣೆಗೆ ಭಾರತದ ಮಹಾಲೆಕ್ಕಪರಿಶೋಧಕರು (ಸಿಎಜಿ) ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆಗಳ ಪಟ್ಟಿ ಮಾಡುವಾಗಲೂ ಪಾಲುದಾರರ ಸಂಖ್ಯೆ, ಅವರ ಅನುಭವ ಮುಂತಾದವುಗಳಿಗೆ ಅಂಕ ಕೊಡುತ್ತಾರೆ. ವಕೀಲರ ಪ್ಯಾನೆಲ್ ಮಾತ್ರ ಬಹುಕಾಲ ಇಂಥ ಅಂಕಗಳ ಆಚೆಗೇ ಉಳಿದಿತ್ತು; ಸರ್ಕಾರಿ ವಕೀಲರ ಆಯ್ಕೆ ಪಾರದರ್ಶಕವಾಗಿರಬೇಕೆಂದು ಸುಪ್ರೀಂ ಕೋರ್ಟು ಪಂಜಾಬಿನ ಪ್ರಕರಣವೊಂದರಲ್ಲಿ 2016ರಲ್ಲಿ ಹೇಳಬೇಕಾಯಿತು.

ಪಟ್ಟಿಯೂ ಇಲ್ಲದೆ ಕೆಲಸ ಸಿಗುವ ಇನ್ನೊಂದು ದಾರಿಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಕಾಯ್ದೆಯ 4ನೆಯ ಕಲಮು ವಿನಾಯಿತಿಗಳದ್ದು. ಅದರ ಜಿ ಉಪಖಂಡದಂತೆ ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಸಂಗ್ರಹಣೆಯೊಂದನ್ನು ಟೆಂಡರಿನಿಂದ ಹೊರಗಿಡಬಹುದು. ವಿಧಾನಸೌಧದಿಂದ ತಾಲ್ಲೂಕು ಕಚೇರಿಯವರೆಗೆ ‘4ಜಿ ವಿನಾಯಿತಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. 1974ರಲ್ಲಿ ಭೂಸೇನಾ ನಿಗಮವಾಗಿ ಆರಂಭವಾಗಿ ನಂತರ ಹೆಸರು ಬದಲಿಸಿಕೊಂಡ ಕೆಆರ್‌ಐಡಿಎಲ್, ಜಿಲ್ಲೆಗಳ ನಿರ್ಮಿತಿ ಕೇಂದ್ರಗಳು, ಕಿಯೋನಿಕ್ಸ್ ಇಂಥವು ಈ ದಾರಿಯ ಪರಿಚಿತ ಫಲಾನುಭವಿಗಳು. ಸರ್ಕಾರಿ ಸಂಸ್ಥೆಗೇ ಕೊಟ್ಟದ್ದರಿಂದ ಹಣ ಸರ್ಕಾರದೊಳಗೇ ಉಳಿಯಿತು ಎಂಬ ಸಮರ್ಥನೆ ಕೇಳಲು ಚೆನ್ನಾಗಿದೆಯಾದರೂ, ಕೆಲಸವನ್ನು ಕೊನೆಗೆ ಮಾಡುವವರು ಆ ಸಂಸ್ಥೆಯ ಪಟ್ಟಿಯಲ್ಲಿರುವ ಖಾಸಗಿಯವರೇ ಆಗಿರುವಾಗ ಮಧ್ಯೆ ಒಂದು ಸೇವಾ ಶುಲ್ಕ ಸೇರಿಕೊಂಡಿತು ಎಂಬುದಷ್ಟೇ ಉಳಿಯುತ್ತದೆ.

ವೃತ್ತಿಪರ ಸೇವೆಗೇ ವಿಶಿಷ್ಟವಾದ ತೊಂದರೆಗಳೂ ಕೆಲವಿವೆ. ಡಿಪಿಆರ್ ಬರೆಯುವವರ ಶುಲ್ಕವನ್ನು ಯೋಜನಾ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿ ಗೊತ್ತುಮಾಡಿದರೆ, ಎರಡು ಅಡಿ ಅಗಲದ ಚರಂಡಿ ಸಾಕಾಗುವ ಕಡೆ ಮೂರು ಅಡಿಯದನ್ನು ಸೂಚಿಸಿದವರಿಗೆ ಸಂಭಾವನೆ ಹೆಚ್ಚು; ಇದಕ್ಕಿಂತ ಕೆಟ್ಟ ಪ್ರೋತ್ಸಾಹವನ್ನು ಕಲ್ಪಿಸುವುದು ಕಷ್ಟ. ಒಬ್ಬ ತಜ್ಞನ ಒಂದು ತಿಂಗಳ ಕೆಲಸಕ್ಕೆ ಇಷ್ಟು ಎಂದು ಕಟ್ಟುವ ಮ್ಯಾನ್-ಮಂತ್ ದರದಲ್ಲಿ ಇನ್ನೊಂದು ಬಗೆಯ ಜಾರಿಕೆ ಇದೆ: ಟೆಂಡರಿನಲ್ಲಿ ಅಂಕ ತಂದುಕೊಟ್ಟ ಇಪ್ಪತ್ತು ವರ್ಷ ಅನುಭವದ ತಂಡದ ನಾಯಕನ ಹೆಸರು ಕಾಗದದಲ್ಲಿ ಉಳಿದು, ಟೇಪು ಹಿಡಿದು ಬೀದಿಗೆ ಬರುವವನು ಕಳೆದ ವರ್ಷ ಪದವಿ ಮುಗಿಸಿದ ಹುಡುಗನಾಗಿರುತ್ತಾನೆ. ಅಂದಾಜುಪಟ್ಟಿ ಬರೆದವರೇ ಮೂರನೆಯವರ ತಪಾಸಣೆಗೂ ಪಟ್ಟಿಯಲ್ಲಿದ್ದರೆ ಅವರು ಪರೀಕ್ಷಿಸುವುದು ತಮ್ಮದೇ ಲೆಕ್ಕವನ್ನು. ಆದ್ದರಿಂದ ಒಂದೇ ಕೆಲಸದಲ್ಲಿ ಎರಡು ಪಾತ್ರ ಬೇಡವೆಂಬ ಷರತ್ತು ಮೂಲ ಒಪ್ಪಂದದಲ್ಲಿರಬೇಕು. ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಿಗೆ ತಪಾಸಣೆ ವಹಿಸುವ ರೂಢಿ ಬೆಳೆದದ್ದರ ಹಿಂದೆ ಈ ಯೋಚನೆಯೂ ಇದೆ.

ಇವನ್ನೆಲ್ಲ ಹೊರಗಿನವರು ಪತ್ತೆಹಚ್ಚಬಹುದಾದ ಕಾಗದ ಯಾವುದೆಂದರೆ ಕಾರ್ಯಾದೇಶವೇ. ಕನ್ನಡದ ಸರ್ಕಾರಿ ಪತ್ರಗಳ ತಲೆಯಲ್ಲಿ ‘ವಿಷಯ’ ಎಂಬುದರ ಕೆಳಗೆ ‘ಉಲ್ಲೇಖ’ ಎಂಬ ಸಾಲು ಇರುತ್ತದೆ. ಅವಸರದಲ್ಲಿ ಓದುವವರು ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಮುಂಗಡ ಒಪ್ಪಂದದಡಿ ಹೊರಟ ಆದೇಶದಲ್ಲಿ ಮೂಲ ಟೆಂಡರಿನ ಸಂಖ್ಯೆ ಮತ್ತು ದಿನಾಂಕ, ಪಟ್ಟಿಗೆ ಒಪ್ಪಿಗೆ ಕೊಟ್ಟ ಆದೇಶ, ಕರಾರಿನ ದಿನಾಂಕ ಇವೆಲ್ಲ ಬರಬೇಕಾದ ಜಾಗ ಅದು. ಆ ದಿನಾಂಕಗಳಿಂದ ಒಪ್ಪಂದದ ಅವಧಿ ಜೀವಂತವಾಗಿದೆಯೇ ಎಂಬುದು ತಿಳಿಯುತ್ತದೆ; ‘ಈ ಹಿಂದಿನ ದರದಲ್ಲಿಯೇ ಮುಂದುವರಿಸಲಾಗಿದೆ’ ಎಂಬ ವಾಕ್ಯ ಕಂಡರೆ ಅವಧಿ ಮುಗಿದ ಮೇಲೂ ಅದನ್ನು ಎಳೆದಿರಬಹುದೆಂಬ ಸುಳಿವು ಸಿಗುತ್ತದೆ. ಅವಧಿಯ ಕೊನೆಯ ದಿನ ಹೊರಟ ಆದೇಶವೂ ಸಿಂಧುವೇ, ಅದರ ಕೆಲಸ ಅವಧಿ ದಾಟಿಯೂ ನಡೆಯಬಹುದು. ಆದ್ದರಿಂದ ಪಟ್ಟಿ ಮುಗಿಯುವ ತಿಂಗಳಲ್ಲಿ, ಅದರಲ್ಲೂ ಅದು ಮಾರ್ಚ್ ಆಗಿದ್ದರೆ, ಆದೇಶಗಳ ಸಂಖ್ಯೆ ಏರುವುದರಲ್ಲಿ ಆಶ್ಚರ್ಯವಿಲ್ಲ. ಉಲ್ಲೇಖದ ಕೆಳಗೆ ಕೆಲಸದ ವ್ಯಾಪ್ತಿ, ಸಲ್ಲಿಸಬೇಕಾದ ವರದಿಗಳು, ಹಂತವಾರು ಹಣ ಪಾವತಿ, ತಡವಾದರೆ ದಂಡ ಇಷ್ಟಾದರೂ ಬರೆದಿರಬೇಕು. ‘ಅಗತ್ಯ ಸಮಾಲೋಚನಾ ಸೇವೆ ಒದಗಿಸುವುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ ಆದೇಶಕ್ಕೆ ಏನು ಕೊಟ್ಟರೂ ಕೊಟ್ಟಂತೆಯೇ.

ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲಿನಲ್ಲಿ ಟೆಂಡರ್ ಪ್ರಕಟಣೆಗಳನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಆಮೇಲಿನ ಕಾರ್ಯಾದೇಶಗಳು ಇರುವುದು ಕಚೇರಿಯ ಕಡತದಲ್ಲಿ. ಅವನ್ನು ನೋಡಲು ಮಾಹಿತಿ ಹಕ್ಕು ಅಧಿನಿಯಮ, 2005ರ ಅರ್ಜಿಯೇ ಸಾಮಾನ್ಯ ದಾರಿ. ಕರ್ನಾಟಕದ ನಿಯಮಗಳಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಬೀದಿಬೀದಿಯ ಚರಂಡಿಯ ಬಗ್ಗೆ ಬೇರೆಬೇರೆ ಕೇಳಹೊರಟರೆ ಈ ಮಿತಿ ಕಾಲಿಗೆ ತೊಡರುತ್ತದೆ. ಒಂದು ಮೂಲ ಒಪ್ಪಂದವನ್ನು ಅದರ ಟೆಂಡರ್ ಸಂಖ್ಯೆಯಿಂದ ಹೆಸರಿಸಿ, ಅದರಡಿ ಪಟ್ಟಿಯಲ್ಲಿರುವ ಸಂಸ್ಥೆಗಳೆಷ್ಟು, ಪ್ರತಿಯೊಂದಕ್ಕೂ ಯಾವ ದಿನಾಂಕದಂದು ಎಷ್ಟು ಮೊತ್ತದ ಆದೇಶ ಹೋಗಿದೆ, ಹಂಚಿಕೆಗೆ ಅನುಸರಿಸಿದ ನಿಯಮ ಯಾವುದು ಎಂದು ಕೇಳಿದರೆ ಅದು ಒಂದೇ ವಿಷಯವಾಗುತ್ತದೆ, 150 ಪದದಲ್ಲಿ ಸಲೀಸಾಗಿ ಹಿಡಿಸುತ್ತದೆ.